ಮೊದಲ ಸುದ್ದಿಯ ಬೆನ್ನಲ್ಲಿ

ಮುಂದಿನ ಸೀಟಿನ ಹೆಂಗಸು ಕಿತ್ತಳೆ ಹಣ್ಣು ಸುಲಿಯುತ್ತಿದ್ದಾಳೆ, ತೊಟ್ಟಿನ ಹತ್ತಿರ ಹೆಬ್ಬೆರಳಿನ ಉಗುರು ಒಮ್ಮೆ ಊರಿದ್ದಷ್ಟೇ, ಸಿಪ್ಪೆ ತಾನಾಗಿ ಬಿಚ್ಚಿಕೊಂಡು ಸುರುಳಿಯಾಗಿ ಇಳಿಯುತ್ತಿದೆ, ಒಂದು ತೊಳೆಗೂ ಗಾಯವಿಲ್ಲ, ಒಳಗಿನ ಬಿಳಿ ನಾರು ಕೂಡ ಸಿಪ್ಪೆಯ ಜೊತೆಗೇ ಎದ್ದು ಬರುತ್ತಿದೆ, ಎಷ್ಟು ಸಲೀಸು, ಬಕ್ಕೇಶ ಕಣ್ಣು ಕೀಳದೆ ನೋಡುತ್ತಾನೆ, ಒಂದರಿಂದ ಒಂದು ಬಿಡಬೇಕಾದರೆ ಹೀಗೆ ಬಿಡಬೇಕು, ಇಬ್ಬರಿಗೂ ನೋವಾಗದ ಹಾಗೆ — ಬಸ್ಸು ದೊಡ್ಡಬಾತಿಯ ಹತ್ತಿರ ಕುಲುಕಿತು, ತೊಡೆಯ ಮೇಲಿದ್ದ ಹಲಗೆಯ ಮೂಲೆ ಹೊಟ್ಟೆಗೆ ಒತ್ತಿತು, ಹೆಂಡತಿ ಹಾಲಮ್ಮ ತನ್ನ ಹಳೆಯ ಸೀರೆಯಲ್ಲಿ ಅದನ್ನು ಸುತ್ತಿ ಎರಡು ಕಡೆ ಗಂಟು ಹಾಕಿ ಕೊಟ್ಟಿದ್ದಳು, ಮದುವೆ ಮನೆಗೆ ಉಡುಗೊರೆ ಒಯ್ಯುವವನ ಹಾಗೆ ಕೂತಿದ್ದೀನಿ, ಕಂಡಕ್ಟರ್ ಕೂಡ ಹಾಗೇ ಅಂದುಕೊಂಡ, ಕನ್ನಡಿ ಏನ್ರಿ ಅದು, ಹುಷಾರು, ಒಡದೀತು, ಅಂದ, ಕನ್ನಡಿ ಅಲ್ಲಪ್ಪ ಬರೀ ಹಲಗೆ, ಅಂದ ಬಕ್ಕೇಶ, ಮತ್ತೇನು ಹೇಳಬೇಕಿತ್ತು, ನಲವತ್ತು ವರ್ಷದ ಹಿಂದೆ ಭೋಪಾಲದಲ್ಲಿ ಸತ್ತವರ ಸುದ್ದಿ ಇದು ಅನ್ನಬೇಕಿತ್ತೆ, ಅದು ಕೂಡ ಪೂರಾ ನಿಜವಲ್ಲ ಈಗ, ಇದು ಆ ಸುದ್ದಿಯೂ ಹೌದು ಇನ್ನೊಂದು ಸುದ್ದಿಯೂ ಹೌದು, ಎರಡನ್ನೂ ಸೇರಿಸಿ ಹಲಗೆಗೆ ಹಚ್ಚಿಟ್ಟವನು ಅವನೇ, ಕೈಯಾರೆ, ಅಂಟಿನ ಡಬ್ಬಿಯಲ್ಲಿ ಅಗಲ ಬ್ರಷ್ಷು ಅದ್ದಿ ಅದ್ದಿ, ಒಂದು ಗುಳ್ಳೆಯೂ ಏಳದ ಹಾಗೆ, ಮೂಲೆ ಮೂಲೆಗೆ ಅಂಗೈಯಿಂದ ಒತ್ತಿ ಒತ್ತಿ.

ಭೋಪಾಲದ ಮೊದಲ ಸುದ್ದಿಯ ಹಾಳೆ, ಎಷ್ಟು ವರ್ಷ ಹುಡುಕಿದ್ದ ಅದನ್ನು, ಪತ್ರಿಕೆಗಳಿದ್ದವು ಅವನ ಹತ್ತಿರ, ಮರುದಿನದವು, ಅದರ ಮರುದಿನದವು, ಕನ್ನಡ ಇಂಗ್ಲಿಷ್ ಎರಡೂ, ಆದರೆ ಪತ್ರಿಕೆ ಅಂದರೆ ಆರಿದ ಅನ್ನ, ಯಾರೋ ತಿದ್ದಿ ತಲೆಬರಹ ಕೊಟ್ಟು ದುಃಖ ಇಷ್ಟಿಷ್ಟು ಅಂತ ಅಳೆದು ಬಡಿಸಿದ್ದು, ಅವನಿಗೆ ಬೇಕಾಗಿದ್ದದ್ದು ಟೆಲಿಪ್ರಿಂಟರಿನ ಹಾಳೆ, ಪತ್ರಿಕಾ ಕಚೇರಿಯ ಮೂಲೆಯಲ್ಲಿ ಯಾರೂ ಮುಟ್ಟದೆ ತಾನೇ ಟಕಟಕ ಕುಟ್ಟುತ್ತ ಸುರುಳಿ ಕಾಗದ ಉಗುಳುತ್ತಿದ್ದ ಆ ಮಷೀನು, ದೂರದ ಊರಿನಿಂದ ತಂತಿಯ ಮೇಲೆ ಬಂದ ಸುದ್ದಿಯನ್ನು ದೊಡ್ಡಕ್ಷರದ ಇಂಗ್ಲಿಷಿನಲ್ಲಿ ಕುಟ್ಟಿ ಕೊಡುತ್ತಿದ್ದದ್ದು, ಹುಬ್ಬಳ್ಳಿಯ ಗುಜರಿಯಲ್ಲಿ ಕೆಲವು ಸಿಕ್ಕಿದ್ದವು, ಬೆಂಗಳೂರಿನಲ್ಲಿ ಒಬ್ಬ ನಿವೃತ್ತ ಉಪಸಂಪಾದಕರ ಅಟ್ಟದ ಮೇಲೆ ಕೆಲವು, ಎಲ್ಲವೂ ಆ ದಿನ ಮಧ್ಯಾಹ್ನದ ಮೇಲಿನವು, ಅಷ್ಟು ಹೊತ್ತಿಗೆ ಸತ್ತವರ ಅಂಕಿ ಬೆಳೆದುಬಿಟ್ಟಿತ್ತು, ಹಾಳೆಯಿಂದ ಹಾಳೆಗೆ ಬೆಳೆಯುತ್ತಲೇ ಹೋಗಿತ್ತು, ಅವನಿಗೆ ಬೇಕಾಗಿದ್ದದ್ದು ಬೆಳಗಿನದು, ಅಂಕಿ ಇನ್ನೂ ಸಣ್ಣದಿದ್ದದ್ದು, ದೇಶ ಇನ್ನೂ ಹಲ್ಲುಜ್ಜುತ್ತಿದ್ದಾಗ ಬಂದದ್ದು. ಸತ್ತೋರ ಸುದ್ದಿ ಮನೆ ತುಂಬ ಇಟ್ಕೊಂಡು ಏನ್ ಮಾಡ್ತೀರಿ ನೀವು, ಹಾಲಮ್ಮ ಕೇಳುತ್ತಲೇ ಇದ್ದಳು, ದಾವಣಗೆರೆಯ ಮಂಡಿಪೇಟೆಯಲ್ಲಿದ್ದ ಅವನ ಪೈಪು ಪಂಪ್‌ಸೆಟ್ಟಿನ ಅಂಗಡಿಗೆ ಬಂದವರೂ ಗೋಡೆಯ ಮೇಲಿನ ಕಾಗದ ನೋಡಿ ಕೇಳುತ್ತಿದ್ದರು, ಇತಿಹಾಸ ಅಲ್ಲೇನ್ರಿ ಉಳಿಸಬೇಕು, ಅನ್ನುತ್ತಿದ್ದ, ಅದು ಕೇಳುವವರಿಗೆ ಕೊಡುವ ಉತ್ತರ, ತನಗೆ ತಾನು ಕೊಟ್ಟುಕೊಳ್ಳುವ ಉತ್ತರ ಬೇರೆ ಇತ್ತು, ಅದನ್ನು ಯಾರಿಗೂ ಹೇಳಿಲ್ಲ, ಹಾಲಮ್ಮನಿಗೂ.

ಇದೇ ರಸ್ತೆ, ಆದರೆ ಆ ಕಡೆಯಿಂದ ಈ ಕಡೆಗೆ, ಓದುವ ಹುಡುಗನಾಗಿದ್ದಾಗ ಧಾರವಾಡದಿಂದ ಬರುತ್ತಿದ್ದ, ಕಾಲೇಜಿನ ಹಾಸ್ಟೆಲಿಗೆ ತಂತಿ ಬಂದಿತ್ತು, ತಂದೆಗೆ ಸೀರಿಯಸ್ ಕೂಡಲೇ ಹೊರಡು, ಹಾವೇರಿಯವರೆಗೆ ನಿಂತೇ ಬಂದ, ರಾಣೆಬೆನ್ನೂರಿನಲ್ಲಿ ಸೀಟು ಸಿಕ್ಕಿತು, ಕಿಟಕಿಯ ಪಕ್ಕ, ಅಪ್ಪನಿಗೆ ಮೊದಲೂ ಒಂದು ಸಲ ಎದೆ ಹಿಡಿದಿತ್ತು, ಆಗಲೂ ಹೀಗೇ ಎಲ್ಲರೂ ಗಾಬರಿಯಾಗಿದ್ದರು, ಮೂರನೇ ದಿನ ಎದ್ದು ಕೂತು ಮಂಡಕ್ಕಿ ಕೇಳಿದ್ದ ಮನುಷ್ಯ, ಹೋದ ಕೂಡಲೇ ಬೈತಾನೆ, ಪರೀಕ್ಷೆ ಬಿಟ್ಟು ಯಾಕ ಬಂದೆ ಅಂತ, ಬಸ್ಸು ಹರಿಹರದ ಸೇತುವೆ ದಾಟುವಾಗ ಹೊಳೆ ನೋಡಿ ಹಸಿವಾಯಿತು ಕೂಡ, ಆಮೇಲೆ ಹರಿಹರದ ಸ್ಟ್ಯಾಂಡಿನಲ್ಲಿ ಹದಡಿಯ ಗೋಣೆಪ್ಪ ಹತ್ತಿದ, ಅಪ್ಪನ ಅಂಗಡಿಗೆ ಬಂದು ಹೋಗುತ್ತಿದ್ದ ರೈತ, ಇವನನ್ನು ನೋಡಿ ತಲೆಯ ಟವೆಲ್ ತೆಗೆದ, ನಿನಗೋಸ್ಕರನೇ ನಿಮ್ಮಪ್ಪನ್ನ ಕೂಡ್ಸ್ಕೊಂಡು ಕಾಯ್ತಿದಾರಪ್ಪ, ನೀ ಬಂದ ಮ್ಯಾಲೇ ಮಣ್ಣು, ಅಂದ, ಗೊತ್ತಿದೆ ಅಂದುಕೊಂಡು ಹೇಳಿದ, ಅವನದೇನೂ ತಪ್ಪಿಲ್ಲ — ಅಲ್ಲಿಯವರೆಗೆ ಅಪ್ಪ ಬದುಕಿದ್ದ, ಧಾರವಾಡದಿಂದ ಹರಿಹರದವರೆಗೆ, ಲೋಕಕ್ಕೆಲ್ಲ ಸತ್ತವನು ಆ ಬಸ್ಸಿನ ಕಿಟಕಿಯ ಪಕ್ಕದ ಸೀಟಿನಲ್ಲಿ ಮಾತ್ರ ಬದುಕಿದ್ದ, ಆ ತಂತಿಯ ಕಾಗದ ಎಲ್ಲಿ ಹೋಯಿತೋ, ಮಣ್ಣಿನ ಗಡಿಬಿಡಿಯಲ್ಲಿ ಅಂಗಿಯ ಜೇಬಿನಲ್ಲೇ ತೊಳೆದುಹೋಯಿತೋ, ಅದರಲ್ಲಿ ಸೀರಿಯಸ್ ಅಂತಷ್ಟೇ ಇತ್ತು, ಅದನ್ನು ಇಟ್ಟುಕೊಂಡಿದ್ದರೆ, ಅಂತ ಎಷ್ಟೋ ಸಲ ಅನ್ನಿಸಿದೆ, ಇಟ್ಟುಕೊಂಡಿದ್ದರೆ ಏನು, ಏನೂ ಇಲ್ಲ, ಆದರೂ. ಮೊದಲ ಸುದ್ದಿಯ ಹಾಳೆಯಲ್ಲಿ ಇನ್ನೂ ಬಹಳ ಜನ ಸತ್ತಿರುವುದಿಲ್ಲ, ಅಷ್ಟೇ, ಅದಕ್ಕೇ ಅದು ಬೇಕು.

ತಾರಿಕ್ ಸಿಕ್ಕಿದ್ದು ಅಂಗಡಿಯಲ್ಲೇ, ಹರಿಹರದಲ್ಲಿ ಲೇತ್ ಮಷೀನಿನ ಸಣ್ಣ ಶೆಡ್ಡು ಇಟ್ಟುಕೊಂಡವನು, ಪಂಪಿನ ಬುಷ್ ಕೊಳ್ಳಲು ಆಗಾಗ ಬರುತ್ತಿದ್ದ, ಹೋದ ಮಳೆಗಾಲದ ಕೊನೆಗೆ ಒಂದು ದಿನ ಗೋಡೆ ನೋಡಿ ನಿಂತ, ನಮ್ಮಪ್ಪನೂ ಪೇಪರ್ ಆಫೀಸಿನಾಗೆ ಇದ್ರು ಸಾವ್ಕಾರ್ರೆ, ಇಲ್ಲೇ ದಾವಣಗೆರೆಯಾಗೆ, ಮಷೀನಿನ ಹಾಳೆ ಹರಿದು ಒಳಗೆ ಕೊಡೋ ಕೆಲಸ, ಅಂದ, ಸೈಫುಲ್ಲಾ ಅಂತ ಅವನಪ್ಪನ ಹೆಸರು, ತೀರಿಕೊಂಡು ಬಹಳ ವರ್ಷವಾಗಿತ್ತು, ಕೆಲಸ ಮುಗಿದ ಹಾಳೆಗಳನ್ನು ರದ್ದಿಗೆ ಹಾಕದೆ ಮನೆಗೆ ತರುತ್ತಿದ್ದನಂತೆ, ಹಿಂದೆ ಖಾಲಿ ಇರುತ್ತಿತ್ತಲ್ಲ, ಮಕ್ಕಳಿಗೆ ಬರೆಯಲಿಕ್ಕೆ ಆಗುತ್ತಿತ್ತು, ಒಂದು ಟ್ರಂಕಿನಲ್ಲಿ ಇನ್ನೂ ಇವೆ, ಬೇಕಾದ್ರೆ ತಂದು ಕೊಡ್ತೀನಿ, ನಮಗೇನು ಬ್ಯಾಡ, ಅಂದ, ತಾ ನೋಡೋಣ ಅಂತ ಬಕ್ಕೇಶ ಅದೇನೂ ದೊಡ್ಡದಲ್ಲ ಅನ್ನುವವನ ಹಾಗೆ ಅಂದ, ವ್ಯಾಪಾರದವನ ಬುದ್ಧಿ ಅಲ್ಲೂ ಬಿಡಲಿಲ್ಲ. ಕಟ್ಟು ಬಂತು, ಸೆಣಬಿನ ದಾರ ಕಟ್ಟಿದ್ದು, ಹಳದಿ ತಿರುಗಿದ್ದು, ಕ್ರಿಕೆಟ್ಟು, ಹತ್ತಿಯ ಧಾರಣೆ, ಯಾರೋ ಮಂತ್ರಿಯ ಭಾಷಣ, ಮತ್ತೆ ಹತ್ತಿ, ಆಮೇಲೆ ಅದು, ಭೋಪಾಲ್, ಡಿಸೆಂಬರ್ ಮೂರು, ವಿಷಾನಿಲ, ಅಂಕಿ — ಸಣ್ಣದು — ಬಕ್ಕೇಶ ಪೈಪಿನ ಕಟ್ಟಿನ ಮೇಲೆ ಹಾಗೇ ಕೂತುಬಿಟ್ಟಿದ್ದ, ಯಾಕ್ರಿ ಹುಷಾರಿಲ್ಲೇನು ಅಂತ ತಾರಿಕ್ ನೀರು ತಂದುಕೊಟ್ಟ, ಒಳ್ಳೆಯವನು, ಪಾಪ, ಅವನಿಗೂ ಗೊತ್ತಿರಲಿಲ್ಲ, ಹಾಳೆಗಳ ಹಿಂದಿನ ಗುಣಾಕಾರ ಭಾಗಾಕಾರವೆಲ್ಲ ತನ್ನದೇ ಅಂದುಕೊಂಡಿದ್ದ, ತಾನು ಶಾಲೆಗೆ ಹೋಗುವಾಗ ಬರೆದದ್ದು, ಬಹಳಷ್ಟು ಅವನದೇ ಆಗಿತ್ತು ಕೂಡ.

ಒಂದು ಹಾಳೆಯದು ಮಾತ್ರ ಅವನದಲ್ಲ. ಅದೂ ಈ ಹಾಳೆಯದು. ನೋಡಿದ್ದ ಬಕ್ಕೇಶ, ನೋಡಲಿಲ್ಲ ಅನ್ನುವ ಹಾಗಿಲ್ಲ, ಅಂಟಿಸುವ ದಿನ ಮನೆಯ ನಡುಮನೆಯಲ್ಲಿ ಮಗುಚಿ ಹಾಕಿದಾಗ ಹಾಳೆಯ ಬೆನ್ನ ತುಂಬ ಪೆನ್ಸಿಲಿನ ಕನ್ನಡ ಅಕ್ಷರ ಇದ್ದವು, ದೊಡ್ಡ ದೊಡ್ಡವು, ಸಾಲು ಬಲಗಡೆಗೆ ಇಳಿಜಾರು, ಹಾಲಮ್ಮ ಕನ್ನಡಕವಿಲ್ಲದೆ ಬಾಗಿ ನೋಡಿದಳು, ಹಿಂದೆ ಏನೋ ಬರ್ದೈತಲ್ರಿ, ಅಂದಳು, ಯಾವುದೋ ಹುಡುಗ್ರ ಗೀಚು ಬಿಡು, ಅಂದ ಬಕ್ಕೇಶ, ಬ್ರಷ್ಷು ಆಗಲೇ ಕೈಯಲ್ಲಿತ್ತು, ಡಿಸೆಂಬರಿನಲ್ಲಿ ನಲವತ್ತು ವರ್ಷ ತುಂಬುತ್ತದೆಂದು ಕಾಲೇಜಿನವರು ಪ್ರದರ್ಶನಕ್ಕೆ ಕೇಳಿದ್ದರು, ಹಲಗೆಗಳನ್ನು ಅಳತೆಗೆ ಕೊಯ್ಯಿಸಿ ತಂದಿಟ್ಟಿದ್ದ, ಬಡಗಿಗಳ ಬಿಳಿ ಅಂಟು, ಬಿಸಿಲಿಗೂ ಬಿಡಬಾರದು ಮಳೆಗೂ ಬಿಡಬಾರದು ಅಂತ ಒಳ್ಳೆಯದನ್ನೇ ತಂದಿದ್ದ — ಏನು ಬರೆದಿತ್ತು ಅಲ್ಲಿ, ಏನು, ಕಣ್ಣು ಮುಚ್ಚಿದರೆ ಇಳಿಜಾರು ಸಾಲು ಬರುತ್ತದೆ, ಮೇಲೆ ಎಡಕ್ಕೆ ಒಂದು ಅಕ್ಷರ ದುಂಡಗೆ, ಅದು ನ ಇರಬಹುದು, ಸ ಇರಬಹುದು, ಒಂದು ಚಿತ್ರವೂ ಇತ್ತೇನೋ ಕೆಳಗೆ, ಕೋಳಿಯೋ ಕೊಡವೋ, ಅಷ್ಟರಲ್ಲಿ ಬ್ರಷ್ಷು ಬರುತ್ತದೆ, ಪ್ರತಿ ಸಲವೂ ಬ್ರಷ್ಷು ಬರುತ್ತದೆ, ಬಿಳಿ ಅಂಟು ಹಾಲಿನ ಹಾಗೆ ಹರಡಿ ಮುಚ್ಚುತ್ತದೆ. ಆ ಕಡೆಯ ಇಂಗ್ಲಿಷ್ ಸಾಲುಗಳನ್ನು ಕೇಳಿ, ಅಲ್ಪವಿರಾಮ ಸಮೇತ ಹೇಳುತ್ತಾನೆ, ಈ ಕಡೆಯದು ಒಂದು ಪದವೂ ಇಲ್ಲ, ಓದಲೇ ಇಲ್ಲವಲ್ಲ ನೀನು, ಕನ್ನಡ, ನಿನ್ನದೇ ಭಾಷೆ, ಮಗುವಿನ ದೊಡ್ಡಕ್ಷರ, ಒಂದು ಉಸಿರಿನಲ್ಲಿ ಓದಿ ಮುಗಿಸಬಹುದಿತ್ತು.

ಸಂಕ್ರಾಂತಿ ಕಳೆದ ಮೇಲೆ ಬಂದರು ಅವರು ಸರಸ್ವತಿ ನಗರದ ಮನೆಗೆ, ತಾರಿಕ್ ಮುಂದೆ, ಅವನ ಹಿಂದೆ ಬುರ್ಖಾ ಹಾಕಿದ ಮುದುಕಿ, ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತೇ ಇದ್ದಳು, ಒಳಗೆ ಬರ್ರಿ, ಕೂಡ್ರಿ, ಅಂತ ಹಾಲಮ್ಮ ಕೈ ಹಿಡಿದು ಕರೆದುಕೊಂಡು ಬಂದಳು, ನಮ್ಮಮ್ಮ, ಖತೀಜಾಬೀ ಅಂತ, ಅಂದ ತಾರಿಕ್, ತಲೆ ಎತ್ತದೆ. ಮೊದಲು ಏನೂ ಕೇಳಲಿಲ್ಲ ಆಕೆ, ಚಹಾ ಕುಡಿದಳು, ಮನೆ ತಂಪೈತೆ ಅಂದಳು, ಆಮೇಲೆ ನಿಧಾನಕ್ಕೆ, ಸಾಮಾನು ಒಂದೊಂದಾಗಿ ಚೀಲದಿಂದ ತೆಗೆದಿಡುವ ಹಾಗೆ ಹೇಳಿದಳು, ತಾರಿಕ್‌ಗಿಂತ ದೊಡ್ಡವಳು ಒಬ್ಬಳಿದ್ದಳು, ದಿಲ್ಶಾದ್, ಕನ್ನಡ ಶಾಲೆಗೆ ಹೋಗುತ್ತಿದ್ದಳು, ಮೂರನೇ ಕ್ಲಾಸು, ಭೋಪಾಲದ ಗಲಾಟೆ ಪೇಪರಿನಲ್ಲಿ ಬಂತಲ್ಲ ಅದೇ ಚಳಿಗಾಲ, ಜ್ವರ ಬಂತು, ಮೆದುಳಿಗೆ ಏರಿತು ಅಂದರು ಡಾಕ್ಟರು, ಅಷ್ಟೇ, ಫೋಟೋ ತೆಗೆಸಿರಲಿಲ್ಲ, ಬಟ್ಟೆಬರೆ ಕೊಟ್ಟುಬಿಟ್ಟರು, ಪುಸ್ತಕ ಶಾಲೆಗೆ ವಾಪಸು, ಅವರಪ್ಪ ತಂದಿದ್ದ ಹಾಳೆಯ ಹಿಂದೆ ಬರೆದದ್ದು ಒಂದು ಉಳಿದಿತ್ತು, ಜ್ವರ ಬರೋ ಮುಂಚಿನ ದಿನ ಹೊಸಿಲ ಮೇಲೆ ಕೂತು ಬರೆದದ್ದು, ಅದನ್ನು ಖತೀಜಾಬೀ ಕಟ್ಟಿನ ನಡುವೆ ಇಟ್ಟಿದ್ದಳು ಮಡಿಕೆ ಬೀಳದಿರಲಿ ಅಂತ, ವರ್ಷಕ್ಕೊಮ್ಮೆ ಮಗಳ ಹೆಸರಿನಲ್ಲಿ ಫಾತೆಹಾ ಓದಿಸುವ ದಿನ ತೆಗೆದು ನೋಡಿ ಮತ್ತೆ ಇಡುವುದು, ಈ ವರ್ಷ ತೆಗೆದರೆ ಟ್ರಂಕು ಖಾಲಿ. ಆಕೆ ಸತ್ತ ಸುದ್ದಿ ಯಾವ ಪೇಪರಿನಾಗೂ ಬರ್ಲಿಲ್ರಿ, ಅಂದಳು, ಅವರಪ್ಪ ಪೇಪರ್ ಆಫೀಸಿನಾಗೇ ಇದ್ರೂ. ದೂರುವ ದನಿಯಲ್ಲಿ ಅಲ್ಲ, ಸುಮ್ಮನೆ.

ಆಮೇಲೆ ಅಂದದ್ದು — ಅದನ್ನು ಬಸ್ಸಿನ ಈ ಸದ್ದಿನಲ್ಲೂ ಕೇಳಬಹುದು — ನಂಗೆ ಆ ಕಡೆ ಬ್ಯಾಡ್ರಿ, ಅದು ನೀವೇ ಇಟ್ಕೊಳ್ರಿ, ಹಿಂದಿನ ಕಡೆ ಒಂದು ಸಲ ನೋಡ್ತೀನಿ, ನಂಗೆ ಓದಾಕೆ ಬರಲ್ಲ, ಅವರಪ್ಪ ಓದಿ ಹೇಳಾಕೆ ಹೋಗಿ ಅತ್ತುಬಿಟ್ರು, ಆಮ್ಯಾಲೆ ಯಾರನ್ನೂ ಕೇಳ್ಲಿಲ್ಲ ನಾನು, ಈಗ ವಯಸ್ಸಾತು, ನೀವು ಓದಿದೋರು, ಏನು ಬರ್ದಾಳೆ ಅಂತ ಒಂದು ಸಲ ಹೇಳ್ರಿ, ಅಷ್ಟು ಸಾಕು. ಹಾಲಮ್ಮ ಬಕ್ಕೇಶನ ಮುಖ ನೋಡಿದಳು, ಹಲಗೆ ಪಕ್ಕದ ಕೋಣೆಯಲ್ಲೇ ಗೋಡೆಗೆ ಒರಗಿ ನಿಂತಿತ್ತು, ಬಾಗಿಲು ಅರ್ಧ ತೆಗೆದೇ ಇತ್ತು, ಬಕ್ಕೇಶ ಬಾಯಿ ತೆಗೆದ, ಅದು ಕಾಲೇಜಿನಾಗೆ ಐತಮ್ಮ, ಪ್ರದರ್ಶನಕ್ಕೆ ಕೊಟ್ಟೀನಿ, ಬಂದ ಕೂಡ್ಲೆ ನಾನೇ ತಂದು ತೋರಿಸ್ತೀನಿ, ಅಂದ, ಎಷ್ಟು ಚೆನ್ನಾಗಿ ಬಂತು ಮಾತು, ಗಿರಾಕಿಗೆ ಮಾಲು ನಾಳೆ ಬರ್ತೈತೆ ಅಂತ ಹೇಳಿ ಹೇಳಿ ಪಳಗಿದ ನಾಲಿಗೆ, ಆಕೆಯ ಮುಖ ಅರಳಿತು, ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಅಂದಳು, ಹೋಗುವಾಗ ಹಾಲಮ್ಮನ ಗದ್ದ ಮುಟ್ಟಿ ಹೋದಳು.

ಆ ಮಧ್ಯಾಹ್ನವೇ ಶುರು ಮಾಡಿದ, ಒದ್ದೆ ಬಟ್ಟೆ ಹಾಸಿದ, ಇಡ್ಲಿ ಪಾತ್ರೆಯ ಹಬೆಗೆ ಹಿಡಿದ, ದಾಡಿ ಮಾಡುವ ಬ್ಲೇಡು ಮೂಲೆಯಿಂದ ಒಳಗೆ ತೂರಿಸಿದ, ಒಂದು ಎಳೆ ಎದ್ದಿತು, ಎದ್ದಿತು ಅಂದುಕೊಂಡ, ಮೆಲ್ಲಗೆ ಎಳೆದ, ಕಾಗದ ಎರಡಾಗಿ ಸೀಳಿತು, ಅಗಲಕ್ಕಲ್ಲ, ದಪ್ಪಕ್ಕೆ, ಮೇಲಿನ ಅರ್ಧ ಕೈಗೆ ಬಂತು, ಕೆಳಗಿನ ಅರ್ಧ ಹಲಗೆಯ ಮೇಲೆ ತುಪ್ಪಟದ ಹಾಗೆ ನಿಂತಿತು, ಆ ತುಪ್ಪಟದ ಒಳಗೆ ಕಂಡೂ ಕಾಣದ ಬೂದು ಗೆರೆ, ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು, ನೀರು ಹಚ್ಚಿದ ಕೂಡಲೇ ಅದೂ ಬೆರಳಿಗೆ ಉರುಳಿಕೊಂಡು ಬಂದು ಕೊಳೆಯ ಉಂಡೆಯಾಯಿತು, ಇತ್ತ ಇಂಗ್ಲಿಷಿನ ಒಂದು ಸಾಲಿನ ಕೊನೆಯೂ ಹೋಯಿತು, ಹೋಗಲಿ, ಅದು ಹೋದದ್ದಕ್ಕೆ ಏನೂ ಅನ್ನಿಸಲಿಲ್ಲ ಅನ್ನುವುದಕ್ಕೇ ಅವನಿಗೆ ಹೆದರಿಕೆಯಾಯಿತು, ಎಷ್ಟು ವರ್ಷದ ಹುಡುಕಾಟ, ಏನೂ ಅನ್ನಿಸಲಿಲ್ಲ. ಬೆಂಗಳೂರಿಗೆ ಫೋನು ಮಾಡಿದ, ಹಳೆಯ ಕಾಗದಪತ್ರ ರಿಪೇರಿ ಮಾಡುವ ಒಬ್ಬಾಕೆ ಇದ್ದರು, ಯಾವ ಅಂಟು ಅಂತ ಕೇಳಿದರು, ಹೇಳಿದ, ಸಾರ್ ಅದು ಬರಲ್ಲ ಬಿಡಿ, ಬಿಡಿಸೋಕೆ ಹೋದ್ರೆ ಎರಡೂ ಕಡೆ ಹೋಗುತ್ತೆ, ಅಂದರು, ದನಿಯಲ್ಲಿ ಕನಿಕರವಿತ್ತು, ಕನಿಕರ ಅವನ ಮೇಲೆ, ತನ್ನ ಅಮೂಲ್ಯ ಹಾಳೆ ಕೆಡಿಸಿಕೊಂಡ ಸಂಗ್ರಾಹಕನ ಮೇಲೆ. ದಿನ ಕಳೆದವು, ತಾರಿಕ್ ಒಂದು ಸಲ ಫೋನು ಮಾಡಿದ, ಎತ್ತಲಿಲ್ಲ, ಅಂಗಡಿಗೆ ಬಂದರೆ ಏನು ಹೇಳುವುದು ಅಂತ ಅಂಗಡಿಗೇ ಹೋಗಲಿಲ್ಲ ಎರಡು ದಿನ. ಹಾಲಮ್ಮ ಇವತ್ತು ಬೆಳಗ್ಗೆ ಹಲಗೆಯನ್ನು ತಾನೇ ತಂದು ಅವನ ಮುಂದಿಟ್ಟಳು, ಹೋಗಿ ಹೇಳಿ ಬರ್ರಿ, ಆ ಹೆಣ್ಮಗಳನ್ನ ಹಿಂಗೆ ಕಾಯಿಸಬ್ಯಾಡ್ರಿ, ಅಂದಳು, ಬೈಯಲಿಲ್ಲ, ನಾನು ಅವತ್ತೇ ಹೇಳಿದ್ದೆ ಅನ್ನಲಿಲ್ಲ, ಸೀರೆ ತಂದು ಸುತ್ತಿದಳು.

ಹರಿಹರ, ಇಳೀರಿ ಇಳೀರಿ, ಕಂಡಕ್ಟರ್ ಕೂಗುತ್ತಾನೆ, ಕಿತ್ತಳೆಯ ಹೆಂಗಸು ಆಗಲೇ ಇಳಿದು ಹೋಗಿದ್ದಾಳೆ, ಬಕ್ಕೇಶ ಹಲಗೆಯನ್ನು ಕಂಕುಳಿಗೆ ಇರುಕಿಕೊಂಡು ಸ್ಟ್ಯಾಂಡು ದಾಟಿದ, ಹೊಳೆಯ ಕಡೆಯ ಗಾಳಿ, ಬಿಸಿಲು ಚುರುಕಾಗುತ್ತಿದೆ, ಬಾಯೊಳಗೆ ಒಂದು ವಾಕ್ಯ ಕಟ್ಟಿಕೊಂಡು ಬಂದಿದ್ದಾನೆ, ರಾತ್ರಿಯಿಂದ ಕಟ್ಟುತ್ತಿದ್ದಾನೆ, ನಮ್ಮ ಊರು ಹರಿಹರ, ನಮ್ಮ ಊರಿನ ಹತ್ತಿರ ಹೊಳೆ ಇದೆ, ಹೊಳೆಯಲ್ಲಿ ಮೀನು ಇದೆ, ಮೂರನೇ ಕ್ಲಾಸಿನ ಹುಡುಗಿ ಹೀಗೇ ಬರೆದಿರುತ್ತಾಳೆ, ಬರೆದಿರಬಹುದು, ಅಥವಾ ನಮ್ಮ ಅಪ್ಪ ಪೇಪರ್ ಆಫೀಸಿನಲ್ಲಿ ಇದ್ದಾರೆ, ನಮ್ಮ ಅಮ್ಮ ರೊಟ್ಟಿ ಮಾಡುತ್ತಾಳೆ, ಅಮ್ಮನ ಮಾತು ಒಂದು ಇರಲಿ, ಖುಷಿಪಡುತ್ತಾಳೆ, ಪಾಪ, ಯಾರು ಅಲ್ಲ ಅನ್ನುತ್ತಾರೆ, ಯಾರಿಗೆ ಗೊತ್ತು — ಯಾರಿಗೂ ಗೊತ್ತಿಲ್ಲ, ಅದೇ ಅಲ್ಲವೆ, ಸೈಫುಲ್ಲಾ ಓದಿದ್ದ, ಅತ್ತ, ಸತ್ತ, ಆಮೇಲೆ ಓದಬಲ್ಲವರಲ್ಲಿ ನೋಡಿದವನು ನೀನೊಬ್ಬನೇ, ಈ ಭೂಮಿಯ ಮೇಲೆ ಅದನ್ನು ಕೊನೆಯದಾಗಿ ನೋಡಿದ ಕಣ್ಣು ನಿನ್ನದು, ಆ ಕಣ್ಣು ಬ್ರಷ್ಷು ನೋಡುತ್ತಿತ್ತು. ಗೋಣೆಪ್ಪನ ನೆನಪಾಗುತ್ತದೆ, ಅವನಾದರೂ ತಿಳಿಯದೆ ಹೇಳಿದ, ನಾನು ತಿಳಿದೇ ಹೋಗುತ್ತಿದ್ದೀನಿ, ಆಕೆ ಇಷ್ಟು ದಿನ ಕಾಲೇಜಿನಿಂದ ಹಾಳೆ ಬರುತ್ತದೆ ಅಂತ ಕಿಟಕಿಯ ಪಕ್ಕ ಕೂತಿದ್ದಾಳೆ, ನಾನು ಹತ್ತುತ್ತೀನಿ ಈಗ ಆ ಬಸ್ಸು.

ಶೆಡ್ಡಿನ ಹಿಂದೆಯೇ ಮನೆ, ತಾರಿಕ್ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದ, ಬರ್ರಿ ಸಾವ್ಕಾರ್ರೆ, ಅಮ್ಮ ದಿನಾ ಕೇಳ್ತಾಳೆ ನಿಮ್ಮನ್ನ, ಅಂದ, ಖತೀಜಾಬೀ ಚಾಪೆ ಹಾಸಿದಳು, ಅವನು ಬೇಡವೆಂದರೂ ಕುರ್ಚಿ ತರಿಸಿದಳು, ಹಿತ್ತಲಿಗೆ ಹೋಗಿ ಕೈ ತೊಳೆದು ಬಂದಳು, ಸೆರಗಿಗೆ ಒಂದೊಂದು ಬೆರಳೂ ಒರೆಸಿಕೊಂಡಳು, ಗಂಟು ಬಿಚ್ಚಿದಳು, ಇಂಗ್ಲಿಷಿನ ಕಡೆ ಮೇಲಿತ್ತು, ಅದನ್ನು ನೋಡಲೂ ಇಲ್ಲ, ಹಲಗೆ ಮಗುಚಿದಳು, ಪ್ಲೈವುಡ್ಡಿನ ಕಂದು ಗೆರೆ, ಮತ್ತೆ ಈ ಕಡೆಗೆ ತಿರುಗಿಸಿದಳು, ಮತ್ತೆ ಮಗುಚಿದಳು, ಇದೇನ್ರಿ, ಹಿಂದೆ ಹಲಗೆ ಐತಲ್ಲ, ಅಂದಳು, ಬಕ್ಕೇಶ ಹೇಳಿದ, ಎಲ್ಲವನ್ನೂ, ಅಂಟು, ಹಬೆ, ಬ್ಲೇಡು, ಬೆಂಗಳೂರಿನ ಫೋನು, ಮನೆಯಲ್ಲೇ ಇಟ್ಟುಕೊಂಡು ಕಾಲೇಜಿನಲ್ಲಿದೆ ಅಂದದ್ದು, ಹೇಳುತ್ತ ಹೋದ ಹಾಗೆ ಮಾತು ಸಲೀಸಾಗುತ್ತಿದೆ, ಸುದ್ದಿ ಓದುವವನ ಹಾಗೆ, ಅಯ್ಯೋ, ತಾರಿಕ್ ಬಾಗಿಲಲ್ಲಿ ನಿಂತಿದ್ದವನು ಶೆಡ್ಡಿನ ಕಡೆ ಹೊರಟುಹೋದ, ಮಷೀನು ಶುರುವಾದ ಸದ್ದು, ಆಕೆ ಮಾತ್ರ ಕೂತೇ ಇದ್ದಾಳೆ, ಹಲಗೆ ತೊಡೆಯ ಮೇಲೆ, ಬೈದರೆ ಆಗುತ್ತಿತ್ತು. ಅಂಟಿಸೋ ಮುಂಚೆ ನೀವು ನೋಡಿದ್ರಲ್ಲ, ಅಂದಳು ಕೊನೆಗೆ, ಏನು ಬರ್ದಿದ್ಲು. ನಮ್ಮ ಊರು ಹರಿಹರ — ನಾಲಿಗೆಯ ತುದಿಗೆ ಬಂತು, ಹೊಳೆ, ಮೀನು, ಅಮ್ಮ, ಆಕೆಯ ಕಣ್ಣು ಅವನ ಬಾಯಿಯ ಮೇಲಿತ್ತು, ನಂಗೆ ನೆನಪಿಲ್ಲಮ್ಮ, ಅಂದ, ನಾನು ಸರಿಯಾಗಿ ನೋಡ್ಲಿಲ್ಲ. ತಲೆ ಆಡಿಸಿದಳು ಆಕೆ, ಹೌದೌದು ಅನ್ನುವ ಹಾಗೆ, ಇದನ್ನು ಮೊದಲೇ ಯಾರೋ ಹೇಳಿದ್ದರು ಅನ್ನುವ ಹಾಗೆ.

ಆಮೇಲೆ ಕೈ ಇಟ್ಟಳು ಹಾಳೆಯ ಮೇಲೆ, ಇಂಗ್ಲಿಷಿನ ಮೇಲೆ, ತೋರುಬೆರಳು ಸಾಲಿನ ಮೇಲೆ ನಿಧಾನಕ್ಕೆ ಜರುಗಿತು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ, ಒಂದು ಕಡೆ ನಿಂತಿತು, ಹಿಂದೆ ಬಂತು, ಮತ್ತೆ ಅಲ್ಲೇ ನಿಂತಿತು, ಬಹಳ ಒತ್ತಿ ಬರೀತಿದ್ಲು ಆಕೆ, ಅಂದಳು, ಪೆನ್ಸಿಲಿನ ಮೊನೆ ಮುರೀತಿತ್ತು ಬರ್ದು ಬರ್ದು, ಅವರಪ್ಪ ಬೈತಿದ್ರು, ಇಲ್ಲಿ ನೋಡ್ರಿ, ತೂತು ಬಿದ್ದೈತೆ, ಆ ಕಡೆಯಿಂದ ಒತ್ತಿದ್ದು ಈ ಕಡೆ ಬಂದೈತೆ, ಇದು ಆಕೆದೇ, ಅಲ್ಲೇನ್ರಿ. ಬಕ್ಕೇಶ ಬಾಗಿ ನೋಡಿದ, ಸತ್ತವರ ಅಂಕಿ ಇದ್ದ ಸಾಲು, ಸಾಲಿನ ಕೊನೆಯ ಪೂರ್ಣವಿರಾಮ, ಮಷೀನು ಚುಕ್ಕಿಯನ್ನು ಬಲವಾಗಿ ಕುಟ್ಟುತ್ತದೆ, ಕಾಗದ ತೂತಾಗುತ್ತದೆ, ಅಸಲಿ ಹಾಳೆ ಹೌದೋ ಅಲ್ಲವೋ ಅಂತ ಅವನು ಮೊದಲು ನೋಡುವುದೇ ಅದನ್ನು, ಎಲ್ಲ ಹಾಳೆಯಲ್ಲೂ ಇರುತ್ತದೆ, ಹತ್ತಿಯ ಧಾರಣೆಯಲ್ಲೂ ಇರುತ್ತದೆ, ಕ್ರಿಕೆಟ್ಟಿನಲ್ಲೂ — ಹೌದಮ್ಮ, ಅಂದ, ಆಕೆದೇ. ಬೆರಳು ಸಾಲು ಬದಲಿಸಿತು, ಇನ್ನೊಂದು ಚುಕ್ಕಿ ಸಿಕ್ಕಿತು, ಇಲ್ಲೂ ಐತೆ, ಅಂದಳು, ಕಣ್ಣು ಮುಚ್ಚಿಕೊಂಡಿದ್ದಳು, ಬೆರಳ ತುದಿ ಆ ತೂತಿನ ಸುತ್ತ ಮೆಲ್ಲಗೆ ತಿರುಗುತ್ತದೆ, ಮಗುವಿನ ಗಲ್ಲದ ಗುಳಿಯ ಮೇಲೆ ತಿರುಗುವ ಹಾಗೆ, ಏಳಬೇಕು ಈಗ, ಬಸ್ಸಿದೆ, ಹಾಲಮ್ಮ ಕಾಯುತ್ತಿರುತ್ತಾಳೆ, ಏನಂದ್ರು ಅಂತ ಕೇಳುತ್ತಾಳೆ, ಹಲಗೆ ಇಲ್ಲೇ ಇರಲಿ, ಉಳಿದದ್ದೆಲ್ಲ ಗುಜರಿಗೆ ಹಾಕಿಬಿಡಬೇಕು, ಗೋಡೆ ಖಾಲಿ ಮಾಡಿ ಸುಣ್ಣ — ಬೆರಳು ಮೇಲಿನ ಸಾಲಿಗೆ ವಾಪಸು ಬಂತು, ಅಂಕಿಯ ಪಕ್ಕಕ್ಕೆ, ಅಷ್ಟು ಜನ ಸತ್ತು ಸಾಲು ಮುಗಿದ ಜಾಗಕ್ಕೆ, ಅಲ್ಲಿ ನಿಂತಿದೆ, ಏಳಬೇಕು, ಬೆರಳು, ಅದರ ಕೆಳಗೆ ಚುಕ್ಕಿ, ಅಪ್ಪ ಆಗಲೇ ಸತ್ತಿದ್ದ, ಅಲ್ಲ, ಹರಿಹರದವರೆಗೆ ಇದ್ದ, ಬೆರಳು ಚುಕ್ಕಿಯನ್ನು ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ, ಬೆರಳು, ಚುಕ್ಕಿ, ಬೆರಳು